ಹಿಡಿದಿಟ್ಕೊಳ್ಳಿ... ಬಿಡಿ!

(ಊರಾಚೆಯ ಮೈದಾನ, ಮಂತ್ರಿಗಳ ಸಮಾವೇಶ. ಬೆಳಗ್ಗೆ ಐದಕ್ಕೇ ಬಂದೋಬಸ್ತಿಗೆ ನಿಂತ ಹೆಡ್ ಕಾನ್‌ಸ್ಟೆಬಲ್ ಸಾವಿತ್ರಮ್ಮ, ಪಿಸಿ ರೂಪಾ. ಈಗ ಮಧ್ಯಾಹ್ನ.)

ರೂಪಾ: ಅಕ್ಕಾ, ಮೊನ್ನೆ ಕಾರ್ಯಾಗಾರಕ್ಕೆ ನೀವು ಬರಬೇಕಿತ್ತು. ಒತ್ತಡ ಅನ್ನೋದೇ ಇಲ್ವಂತೆ, ಎಲ್ಲಾ ನಾವು ಅಂದ್ಕೊಳ್ಳೋದಂತೆ.

ಸಾವಿತ್ರಮ್ಮ: ಹೇಳಿದೋರದು ಎಷ್ಟು ವರ್ಷ ಸರ್ವಿಸು?

ರೂಪಾ: ಅಯ್ಯೋ, ಅವ್ರು ಪೊಲೀಸಲ್ಲ, ಕೋಚು. ನಾಲ್ಕು ಎಣಿಸ್ತಾ ಉಸಿರೆಳ್ಕೊಳ್ಳಿ, ನಾಲ್ಕು ಎಣಿಸ್ತಾ ಹಿಡಿದಿಟ್ಕೊಳ್ಳಿ, ಆಮೇಲೆ ಬಿಡಿ ಅಂದ್ರು.

ಸಾವಿತ್ರಮ್ಮ: ಹಿಡಿದಿಟ್ಕೊಳ್ಳೋದನ್ನ ನಮಗೆ ಹೇಳ್ಕೊಡ್ತಾರಾ! ಬೆಳಗ್ಗೆಯಿಂದ ಇನ್ನೇನ್ ಮಾಡ್ತಿದೀವಿ?

ರೂಪಾ: ಅದು ಉಸಿರು ಅಕ್ಕಾ.

ಸಾವಿತ್ರಮ್ಮ: ನಂದು ಉಸಿರಲ್ಲ ಕಣೇ. ಈ ಬಯಲಲ್ಲಿ ಹೆಂಗಸರು ಹೋಗೋ ಜಾಗ ಎಲ್ಲಿದೆ ತೋರ್ಸು.

ರೂಪಾ: ಅದಕ್ಕೇ ನೀವು ನೀರು ಕುಡೀಲಿಲ್ವಾ?

ಸಾವಿತ್ರಮ್ಮ: ಕುಡಿದ್ರೆ ಬಿಡ್ಬೇಕಲ್ಲ! ಕೋಚಮ್ಮನ ಆ ಮೂರನೇ ಪಾಠಕ್ಕೇ ಇಲ್ಲಿ ವ್ಯವಸ್ಥೆ ಇಲ್ಲ.

ರೂಪಾ: ನಿಧಾನವಾಗಿ ನನ್ ಜೊತೆ ಎಣಿಸಿ. ಒಂದು... ಎರಡು...

ಸಾವಿತ್ರಮ್ಮ: ನಿಲ್ಸೇ! ನಲ್ಲಿ ತೊಟ್ಟಿಕ್ಕಿದ ಹಂಗೆ ಕೇಳ್ಸುತ್ತೆ.

ರೂಪಾ: ಮನಸ್ಸು ಕಲ್ಲಾಗಬೇಕು ಅಂದ್ರು.

ಸಾವಿತ್ರಮ್ಮ: ಕಿಡ್ನಿಯಲ್ಲಿ ಆಗ್ತಿದೆಯಲ್ಲ, ಸಾಲದಾ?

ರೂಪಾ: ನೀವು ಎಲ್ಲದಕ್ಕೂ ಹೀಗೇ. ಪಾಸಿಟಿವ್ ಆಗಿ ಇರ್ಬೇಕು.

ಸಾವಿತ್ರಮ್ಮ: ಇಲ್ಲಿ ಕೇಳು. ಅತ್ಯಾಚಾರದ ದೂರನ್ನ ಮಹಿಳಾ ಅಧಿಕಾರಿಯೇ ಬರ್ಕೋಬೇಕು ಅಂತ 2013ರಲ್ಲಿ ಕಾನೂನಾಯ್ತು. ಒಳ್ಳೇದೇ. ಪೊಲೀಸಲ್ಲಿ ನೂರಕ್ಕೆ 33 ಜನ ಹೆಂಗಸರಿರಲಿ ಅಂತ ಕೇಂದ್ರದೋರು ರಾಜ್ಯಗಳಿಗೆ ಬರೆದದ್ದೂ ಅದೇ ವರ್ಷ. ಕಾನೂನು ಬಂತು, ಹೆಂಗಸರು ಬರಲಿಲ್ಲ. ದೇಶದ ಲೆಕ್ಕ ತೆಗೆದ್ರೆ ಅದರ ಅರ್ಧವೂ ಆಗಿಲ್ಲ. ರಾತ್ರಿ ಎರಡಕ್ಕೆ ಫೋನ್ ಬಂದ್ರೆ ಮಗೂನ ಅತ್ತೆ ಪಕ್ಕ ಮಲಗಿಸಿ ಓಡೋದು ಅದೇ ನೀನು, ಅದೇ ನಾನು. ಉಸಿರೆಳೆದ್ರೆ ಜನ ಹೆಚ್ತಾರಾ?

ರೂಪಾ: ಹಂಗಿದ್ರೂ ನೀಲಮಣಿ ರಾಜು ಮೇಡಂ 2017ರಲ್ಲಿ ರಾಜ್ಯಕ್ಕೇ ಡಿಜಿ ಆದ್ರಲ್ಲ?

ಸಾವಿತ್ರಮ್ಮ: ಆದ್ರು. ಅವ್ರಿಗೆ ಕೆಲಸ ಕೊಟ್ರು, ಮಾಡಿದ್ರು. ನಿನ್ ಕೈಗೆ ಏನ್ ಕೊಟ್ಟಿದಾರೆ?

ರೂಪಾ: ಮಂತ್ರಿಗಳಿಗೆ ಕೊಡೋ ಹೂಗುಚ್ಛ.

ಸಾವಿತ್ರಮ್ಮ: ಮಹಜರು ಬರ್ದಿದೀಯಾ? ಕೋರ್ಟಲ್ಲಿ ಪಾಟೀಸವಾಲಿಗೆ ಹೇಗೆ ನಿಲ್ಬೇಕು ಅಂತ ಯಾರಾದ್ರೂ ಕೂರಿಸಿ ಹೇಳ್ಕೊಟ್ಟಿದಾರಾ?

ರೂಪಾ: ಇಲ್ಲ. ಸರ್ಟಿಫಿಕೇಟ್ ಕೊಟ್ಟಿದಾರೆ. ‘ಖಾಕಿ ದುರ್ಗೆ’ ಅಂತ ಚಿನ್ನದ ಅಕ್ಷರದಲ್ಲಿದೆ.

ಸಾವಿತ್ರಮ್ಮ: ಜೋಪಾನವಾಗಿಟ್ಕೋ. ದುರ್ಗೆಗಾದ್ರೆ ಹತ್ತು ಕೈ. ಒಂದ್ರಲ್ಲಿ ಹೂಗುಚ್ಛ ಹಿಡಿದ್ರೂ ಒಂಬತ್ತು ಉಳೀತಾವೆ.

(ವಾಕಿಟಾಕಿ ಗೊರಗುಟ್ಟುತ್ತದೆ: ಮಂತ್ರಿಗಳು ಬರುವುದು ಇನ್ನೂ ಎರಡು ಗಂಟೆ ತಡ.)

ರೂಪಾ: (ಕಾಲು ಬದಲಿಸುತ್ತಾ) ಅಕ್ಕಾ... ನನಗೂ ಈಗ...

ಸಾವಿತ್ರಮ್ಮ: (ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಬಟನ್ ಮಾತ್ರ ಒತ್ತದೆ) ಸಾರ್, ಮುಂದಿನ ಕಾರ್ಯಾಗಾರ ರದ್ದು ಮಾಡಿ. ಆ ದುಡ್ಡಲ್ಲಿ ಹೆಂಗಸರಿಗೊಂದು ಶೌಚಾಲಯದ ಗಾಡಿ ಮಾಡಿ, ನೀರು ತುಂಬಿಸಿ, ಒಳಗಿಂದ ಚಿಲಕ ಹಾಕೋ ಬಾಗಿಲಿಟ್ಟು ಕಳಿಸ್ಕೊಡಿ.