14,000 ಕಿ.ಮೀ. ಮತ್ತು ಆನಂದಪುರದ ಅತ್ತೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಎಲ್ಲೂ ನಿಲ್ಲದೆ ಹಾರುವ ವಿಮಾನ ಬಿಟ್ಟಿತು. ಮೊದಲ ಸಲ ಅದನ್ನು ಹಾರಿಸಿದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಉತ್ತರ ಧ್ರುವದ ಮೇಲಿಂದ ಬಂದು, ಸುಮಾರು 17 ಗಂಟೆಯಲ್ಲಿ ದೇವನಹಳ್ಳಿಯಲ್ಲಿ ಇಳಿಸಿದರು.

ಸುದ್ದಿ ಕೇಳಿದ ಸಾಗರದ ದೊಡ್ಡಮ್ಮನಿಗೆ ಒಂದೇ ಸಂಶಯ: "ಅಮೆರಿಕ ಇರೋದು ಪಶ್ಚಿಮಕ್ಕಲ್ವನಾ? ಉತ್ತರಕ್ಕೆ ಎಂತಕ್ಕೆ ಹೋದ್ರು, ದಾರಿ ತಪ್ತಾ?" ಭೂಮಿ ಗುಂಡಗಿದೆ, ಧ್ರುವದ ಮೇಲಿನದೇ ಒಳದಾರಿ ಎಂದು ಕುಂಬಳಕಾಯಿಗೆ ದಾರ ಸುತ್ತಿ ತೋರಿಸಿದೆ. "ಹಂಗೆ ಹೇಳು, ಗುಡ್ಡ ಬಳಸೋ ಬದ್ಲು ಹತ್ತಿ ಇಳಿದ್ರು" ಎಂದವರೇ ಭೂಮಿಯನ್ನು ಹುಳಿಗೆ ಹೆಚ್ಚಿದರು.

ಮಲೆನಾಡಿನವರಿಗೆ ಆಕಾಶದ ದೂರ ದೂರವೇ ಅಲ್ಲ. ಕಷ್ಟ ಇರುವುದು ನೆಲದ ಮೇಲೆ. ಮೊದಲೆಲ್ಲ ದೇವನಹಳ್ಳಿಯಲ್ಲಿ ಇಳಿದು ರಾತ್ರಿ ಬಸ್ಸೋ ತಾಳಗುಪ್ಪದ ರೈಲೋ ಹಿಡಿಯಬೇಕಿತ್ತು. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನವೂ ಶುರುವಾಯಿತು. ಅಲ್ಲಿಂದ ತೀರ್ಥಹಳ್ಳಿಯವರು ಮಂಡಗದ್ದೆ ಮೇಲೆ, ಹೊಸನಗರದವರು ರಿಪ್ಪನ್‌ಪೇಟೆ ಮೇಲೆ, ಸಾಗರದವರು ಆನಂದಪುರದ ಮೇಲೆ ಹೊರಟರೆ ಯಾರಿಗೂ ಎರಡು ತಾಸಿನ ಮೇಲೆ ಬೇಡ.

ಬೇಡ ಎಂದು ನಕ್ಷೆ ಹೇಳುತ್ತದೆ. ನಕ್ಷೆಗೆ ಆನಂದಪುರದ ಅತ್ತೆ ಗೊತ್ತಿಲ್ಲ. "ಅಷ್ಟು ದೂರದಿಂದ ಬಂದವ್ರು ಹೊಸ್ತಿಲು ತುಳೀದೆ ಹೋಗ್ತ್ರಾ?" ಎಂದು ಫೋನು. ಒಂದು ಲೋಟ ಕಾಫಿ ಎಂದು ಒಳಗೆ ಕಾಲಿಟ್ಟರೆ ಬಾಳೆ ಎಲೆ ಹಾಕಿಯಾಗಿರುತ್ತದೆ. ಅತ್ತೆ ಮನೆಗೆ ಹೋದ ಸುದ್ದಿ ನಮಗಿಂತ ಮೊದಲೇ ರಿಪ್ಪನ್‌ಪೇಟೆ ಚಿಕ್ಕಪ್ಪನಿಗೆ ತಲುಪಿರುತ್ತದೆ. "ಅಲ್ಲಿಗೆ ಹೋಗ್ಲಿಕ್ಕೆ ಆಗ್ತದೆ, ಇಲ್ಲಿಗೆ ಆಗಲ್ಲ ಅನ್ನಿ" ಎಂಬ ಮಾತಿಗೆ ಕಾರು ಎಡಕ್ಕೆ ತಿರುಗಲೇಬೇಕು. ಧ್ರುವ ದಾಟಿದ ಹೊತ್ತಿನಲ್ಲೇ ಅರ್ಧ ಶಿವಮೊಗ್ಗ ಜಿಲ್ಲೆ ದಾಟುವುದು ಕಷ್ಟ.

ಮನೆ ಮುಟ್ಟಿದ ಮೇಲೆ ಜೆಟ್‌ಲ್ಯಾಗ್. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ತಾಸು ಹಿಂದೆ. ರಾತ್ರಿ ಎರಡಕ್ಕೆ ಮಕ್ಕಳು ಕಣ್ಣರಳಿಸಿ ಕೂತಿರುತ್ತವೆ. ಅಡಿಕೆ ಕೊಯ್ಲಿನ ಕಾಲವಾದರೆ ದೊಡ್ಡಪ್ಪನಿಗೆ ಹಬ್ಬ: "ನಿದ್ದೆ ಬರಲ್ವಾ? ಒಳ್ಳೇದಾಯ್ತು, ಬುಟ್ಟಿ ಹಿಡ್ಕಳಿ." ಹುಡುಗರು ಸುಲಿದ ಅಡಿಕೆ ಆರಿಸುತ್ತಾರೆ, ಅಪ್ಪ ಮೆಟ್ಟುಗತ್ತಿ ಮುಂದೆ ಕೂರುತ್ತಾನೆ. ಸಾಫ್ಟ್‌ವೇರ್ ಎಂಜಿನಿಯರಿಗೆ ನೈಟ್ ಶಿಫ್ಟ್ ಹೊಸದೇನಲ್ಲವಲ್ಲ!

ಹೊರಡುವ ಮುನ್ನ ಅದೇ ಅಡಿಕೆ ತಕ್ಕಡಿಗೆ ಸೂಟ್‌ಕೇಸ್ ನೇತುಹಾಕುತ್ತಾರೆ. ಒಂದಕ್ಕೆ 23 ಕಿಲೋ. ಮುಳ್ಳು 26 ತೋರಿಸಿದರೆ ಮಕ್ಕಳ ಪುಸ್ತಕ ಹೊರಗೆ, ಅಪ್ಪೆಮಿಡಿ ಉಪ್ಪಿನಕಾಯಿ ಒಳಗೆ. ಡಬ್ಬಿಗೆ ಪ್ಲಾಸ್ಟಿಕ್, ಅದರ ಮೇಲೆ ಹಳೇ ಪಂಚೆ, ಅದರ ಮೇಲೆ ಅಳಿಯನ ಕೋಟು. ಎಣ್ಣೆ ಸೋರಿದರೆ ಕೋಟು ಹೋಗಲಿ, ಮಿಡಿ ಉಳಿಯಬೇಕು. ತೊಡೆದೇವು ಮಾತ್ರ ಕೈಚೀಲದಲ್ಲಿ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಮನೆ ಸೊಸೆಯ ಹೊಣೆ.

ಹಾಗಾಗಿ ಊರಿಗೆ ಹೊರಟವರಿಗೆ ಒಂದು ಕಿವಿಮಾತು. ವಿಮಾನಕ್ಕೆ ಒಂದು ದಿನ ಇಟ್ಟುಕೊಂಡರೆ ಶಿವಮೊಗ್ಗದಿಂದ ಮನೆಗೆ ಎರಡು ದಿನ ಇಟ್ಟುಕೊಳ್ಳಿ. ವಾಪಸ್ ಹೊರಡುವ ತಾರೀಕನ್ನು ಮಾತ್ರ ಯಾರಿಗೂ ಹೇಳಬೇಡಿ. ಹೇಳಿದಿರೋ, ಅದರ ಮಾರನೇ ದಿನಕ್ಕೇ ಯಾರೋ ಸತ್ಯನಾರಾಯಣ ಕಥೆ ಇಟ್ಟುಕೊಂಡು, ಟಿಕೆಟ್ ಮುಂದೆ ಹಾಕಿಸಿ ಎನ್ನುತ್ತಾರೆ.