ಕೊಡುವ ತಕ್ಕಡಿ, ಇಟ್ಟುಕೊಳ್ಳುವ ತಕ್ಕಡಿ

ಚಿನ್ನದಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನಮ್ಮವರೆಲ್ಲ ಲೋಹಶಾಸ್ತ್ರದ ಪ್ರೊಫೆಸರುಗಳಾಗುತ್ತಾರೆ. ಶೇಕಡಾವಾರು ಲೆಕ್ಕಕ್ಕೆ ಹೆದರಿ ಗಣಿತದ ಮೇಷ್ಟ್ರ ಕಣ್ಣು ತಪ್ಪಿಸಿಕೊಂಡು ಓಡಾಡಿದವರೂ, 916 ಅಂದರೆ ನೂರಕ್ಕೆ 91.6 ಪಾಲು ಚಿನ್ನ, ಮಿಕ್ಕಿದ್ದು ತಾಮ್ರ, ಬೆಳ್ಳಿ ಇತ್ಯಾದಿ ಎಂದು ಗಿಣಿಪಾಠ ಒಪ್ಪಿಸುತ್ತಾರೆ. ‘ವೇಸ್ಟೇಜ್ ಎಷ್ಟು ಹಾಕಿದ್ರಿ? ಕಲ್ಲಿನ ತೂಕ ಕಳೆದ್ರಾ? ಒಳಗೆ ಅರಗು ತುಂಬಿದೀರಾ?’ ಎಂದು ಜಾಲಾಡುತ್ತಾರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಅಂಕಿ-ಅಕ್ಷರ ಸೇರಿ ಆರರ ಎಚ್‌ಯುಐಡಿ ಎಂಬ ಗುರುತುಸಂಖ್ಯೆ ಕಡ್ಡಾಯವಾದ ಮೇಲಂತೂ, ಭೂತಗನ್ನಡಿಯಲ್ಲಿ ಬಳೆಯ ಒಳಮೈ ತಡಕಿ, ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಆಪ್‌ಗೆ ಉಣಿಸಿ ನೋಡುವ ತನಕ ಪರ್ಸಿನ ಜಿಪ್ ಬಿಚ್ಚುವುದಿಲ್ಲ. ಭಲೇ! ಗ್ರಾಹಕರೆಂದರೆ ಹೀಗಿರಬೇಕು.

ಇದೇ ಪ್ರೊಫೆಸರಮ್ಮ ನಾಲ್ಕು ಅಂಗಡಿ ಆಚೆ, ಮಗಳ ಮದುವೆಗೆ ರಿಟರ್ನ್ ಗಿಫ್ಟ್ ಕೊಳ್ಳಲು ಹೊಕ್ಕಾಗ ಮಾತ್ರ ವಿದ್ಯೆಯೆಲ್ಲ ಚಪ್ಪಲಿಯ ಜೊತೆ ಹೊಸ್ತಿಲಾಚೆ ಉಳಿಯುತ್ತದೆ.

‘ಅಣ್ಣಾ, ನೂರು ರೂಪಾಯಿ ಒಳಗಿರ್ಬೇಕು, ಐನೂರರ ಥರ ಕಾಣ್ಬೇಕು.’

‘ಈ ಕುಂಕುಮದ ಭರಣಿ ನೋಡಿ ಅಕ್ಕಾ. ಜರ್ಮನ್ ಸಿಲ್ವರ್. ಬೆಳ್ಳಿನೇ ನಾಚ್ಕೋಬೇಕು.’

‘ಕಪ್ಪಾಗಲ್ವಾ?’

‘ಡಬ್ಬಿಯಿಂದ ತೆಗೀದೇ ಇದ್ರೆ ಏನೂ ಆಗಲ್ಲ.’

‘ಹೆಂಗೂ ಕೊಡೋದು ತಾನೆ! ಇನ್ನೂರು ಪೀಸ್ ಕಟ್ಟಿ.’

‘ಹೆಂಗೂ ಕೊಡೋದು ತಾನೆ.’ ನಮ್ಮ ಉಡುಗೊರೆ ಉದ್ಯಮದ ಸಂವಿಧಾನದಲ್ಲಿ ಇರುವುದು ಈ ಮೂರೇ ಪದ. ಅಂಗಡಿಯವನು ಸುಳ್ಳು ಹೇಳಿಲ್ಲ, ಅಕ್ಕ ಮೋಸ ಹೋಗಿಲ್ಲ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯ ಸುಳಿವೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಚೀನಾದವರು ಎಂದೋ ಮಾಡುತ್ತಿದ್ದುದನ್ನು 1820ರ ದಶಕದಲ್ಲಿ ಜರ್ಮನ್ನರು ನಕಲು ಮಾಡಿದರು. ಪೇಟೆಯ ಅಗ್ಗದ ಭರಣಿಯಲ್ಲಾದರೋ ಆ ನಿಕ್ಕಲ್ಲಿಗೂ ಗ್ಯಾರಂಟಿಯಿಲ್ಲ. ಒಳಗೆ ಯಾವುದೋ ಲೋಹ, ಹೊರಗೆ ಪಾಲಿಶ್. ಪಕ್ಕದಲ್ಲೇ ಇರುವ ‘ಹಿತ್ತಾಳೆ’ ದೀಪಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗಪ್ಪನೆ ಕಚ್ಚಿಕೊಂಡರೆ ಒಳಗಿರುವುದು ಕಬ್ಬಿಣ. ಫ್ಯಾನ್ಸಿ ಓಲೆ ತೊಟ್ಟ ಮರುದಿನವೇ ಕಿವಿ ಕೆಂಪಗಾಗಿ ತುರಿಸಿದರೆ ದೃಷ್ಟಿ ತೆಗೆಸಲು ಓಡಬೇಡಿ. ಅದು ಬಹುಶಃ ನಿಕ್ಕಲ್ಲಿನ ಆಶೀರ್ವಾದ.

ಅಮೆರಿಕನ್ ಡೈಮಂಡಿನ ಕಥೆ ಇನ್ನೂ ಚೆಂದ. ಅದು ಕ್ಯೂಬಿಕ್ ಜಿರ್ಕೋನಿಯಾ. ಅದನ್ನು ಕುಲುಮೆಯಲ್ಲಿ ದೊಡ್ಡ ಹರಳಾಗಿ ಬೆಳೆಸುವ ದಾರಿಯನ್ನು 1970ರ ದಶಕದಲ್ಲಿ ಪಕ್ಕಾ ಮಾಡಿದ್ದು ಮಾಸ್ಕೋದ ಲೆಬೆಡೆವ್ ಭೌತವಿಜ್ಞಾನ ಸಂಸ್ಥೆ. ಶೀತಲ ಸಮರದ ನಟ್ಟನಡುವೆ ಕಮ್ಯುನಿಸ್ಟರು ಬೆಳೆಸಿದ ಹರಳು ನಮ್ಮ ಪೇಟೆಯಲ್ಲಿ ಅಮೆರಿಕದ ಪೌರತ್ವ ಪಡೆದು ಕೂತಿದೆ. ವಜ್ರದ ಸಾಂದ್ರತೆ ಸುಮಾರು 3.5, ಇದರದು 5.6ರಿಂದ 6. ಅಂದರೆ ಒಂದೇ ಗಾತ್ರದ ಹರಳುಗಳಲ್ಲಿ ನಕಲಿಯದೇ ತೂಕ ಹೆಚ್ಚು. ಸಾರ್ವಜನಿಕ ಜೀವನವನ್ನು ಹತ್ತಿರದಿಂದ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇನ್ನು ಶೋಕೇಸಿನ ಮಹಾರಾಣಿ, ಬೋನ್ ಚೈನಾ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟಿನ ಜೋಸಾಯಾ ಸ್ಪೋಡ್ 1790ರ ದಶಕದಲ್ಲಿ ಹದಕ್ಕೆ ತಂದ ಪಿಂಗಾಣಿ ಇದು. ಮೂಲ ಪಾಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮೂಳೆಯ ಬೂದಿ, ಅದರಲ್ಲೂ ದನದ ಮೂಳೆ. ಉಳಿದರ್ಧ ಬಿಳಿಜೇಡಿ ಮತ್ತು ಒಂದು ಬಗೆಯ ಕಲ್ಲುಪುಡಿ. ಕಪ್ಪನ್ನು ಬೆಳಕಿಗೆ ಹಿಡಿದು ಹಿಂದುಗಡೆ ಬೆರಳಾಡಿಸಿ, ನೆರಳು ಕಾಣುತ್ತದೆ. ಅಂಚನ್ನು ಉಗುರಿನಿಂದ ತಟ್ಟಿ, ಗಂಟೆಯಂತೆ ಟಣ್ಣೆನ್ನುತ್ತದೆ. ಆ ಬಿಳುಪು, ಆ ನಯ, ಆ ನಾದಕ್ಕೆಲ್ಲ ಮೂಳೆಯೇ ಕಾರಣ. ಈರುಳ್ಳಿ-ಬೆಳ್ಳುಳ್ಳಿ ಒಳಗೆ ಬಿಡದ ಮನೆಗಳಲ್ಲಿ ಗಣ್ಯರು ಬಂದಾಗ ಮೊದಲು ಹೊರಬರುವುದು ಇದೇ ಸೆಟ್ಟು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಿ, ಆ ಬಿಸ್ಕತ್ತನ್ನು ಈ ಕಪ್ಪಿನ ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಕಪ್ಪಿನ ಮೇಲೆ ಚುಕ್ಕೆ ಹಾಕಬೇಕೆಂಬ ಕಾನೂನಿಲ್ಲ. ಕಾನೂನು ಕೇಳದ್ದನ್ನು ಮಡಿ ಏಕೆ ಕೇಳೀತು?

ಸನ್ಮಾನದ ವೇದಿಕೆಗೆ ಬನ್ನಿ. ಶಾಲು ರೇಷ್ಮೆಯಂತೆ ಮಿನುಗುತ್ತದೆ, ಬೆಂಕಿಯ ಹತ್ತಿರ ಹೋದರೆ ಪ್ಲಾಸ್ಟಿಕ್ಕಿನಂತೆ ಮುದುಡುತ್ತದೆ. ಗಂಧದ ಹಾರ ಯಾವುದೋ ಮರದ ಹೊಟ್ಟಿಗೆ ಸೆಂಟು ಹೊಡೆದದ್ದು. ನೆನಪಿನ ಕಾಣಿಕೆ ಫೈಬರಿನ ಸರಸ್ವತಿ, ವೀಣೆ ಮನೆ ತಲುಪುವಷ್ಟರಲ್ಲಿ ಕಿತ್ತಿರುತ್ತದೆ. ಆ ಇಡೀ ಸೆಟ್ಟಿನಲ್ಲಿ ನೂರಕ್ಕೆ ನೂರು ಅಪ್ಪಟವಾದದ್ದು ಬುಟ್ಟಿಯ ಅಡಿಯಲ್ಲಿ ಬಚ್ಚಿಟ್ಟ ಕೊಳೆತ ಮೂಸಂಬಿ ಮಾತ್ರ.

ಇಷ್ಟೆಲ್ಲ ನುಂಗಿಕೊಂಡ ಜನ ಲೋಹಶಾಸ್ತ್ರವನ್ನು ಮರೆತೇಬಿಟ್ಟಿದ್ದಾರೆ ಎಂದುಕೊಂಡಿರಾ? ಬಿದ್ರಿ ಕಲೆಯ ಮಳಿಗೆಗೆ ಹೋಗಿ. ಬಿದ್ರಿಯ ಮೂಲ ಸರಕು ಸತು. ಹದಿನಾರು ಪಾಲಿಗೆ ಸುಮಾರು ಒಂದು ಪಾಲು ತಾಮ್ರ. ಕುಸುರಿ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜುತ್ತಾರೆ. ಸತು ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಈ ಕಸುಬಿನಲ್ಲೇ ಬಾಳು ಸವೆಸಿದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಗ್ಗದ ಲೋಹವನ್ನು ಅಗ್ಗದ್ದೆಂದು ಒಪ್ಪಿಕೊಂಡೇ ಅಮೂಲ್ಯವಾಗಿಸುವ ವಿದ್ಯೆ ಇದು. ಅಲ್ಲಿ ಹೂದಾನಿಯ ಬೆಲೆ ಕೇಳಿದೊಡನೆ ನಮ್ಮೊಳಗಿನ ಪ್ರೊಫೆಸರ್ ಮತ್ತೆ ಮೈಕೊಡವಿ ಏಳುತ್ತಾರೆ: ‘ಏನ್ರೀ ಇದು, ಸತುವಿಗೆ ಇಷ್ಟೊಂದು ರೇಟಾ? ಬೆಳ್ಳಿ ಎಷ್ಟು ಗ್ರಾಮಿದೆ? ತೂಕ ಹಾಕಿ ನೋಡೋಣ.’ ಪಾಲಿಶ್ ಹೊಡೆದ ಭರಣಿಯ ಮುಂದೆ ಬಾಯಿ ಮುಚ್ಚಿದ್ದ ವಿದ್ಯೆ, ಕಸುಬುದಾರನ ಕೂಲಿ ಕಡಿಯಲು ಮಾತ್ರ ಗಂಟಲು ತೆರೆಯುತ್ತದೆ.

ಆದ್ದರಿಂದ ಸರ್ಕಾರಕ್ಕೊಂದು ಸಲಹೆ. ಒಡವೆಗೆ ತಂದ ನಿಯಮವನ್ನೇ ಉಡುಗೊರೆಗೂ ತನ್ನಿ. ಪ್ರತಿ ಡಬ್ಬಿಯ ಮೇಲೂ ಮೂರು ಸಾಲು: ಒಳಗಿನ ಲೋಹ ಯಾವುದು, ಮೇಲಿನ ಲೇಪ ಯಾವುದು, ಕೊಂಡ ಬೆಲೆ ಎಷ್ಟು. ಜೊತೆಗೊಂದು ಸಂಖ್ಯೆ. ಆಪ್‌ಗೆ ಹಾಕಿದರೆ, ಆ ಭರಣಿ ಯಾವ ಮದುವೆಯಲ್ಲಿ ಹುಟ್ಟಿ, ಯಾವ ಸೀಮಂತ, ಯಾವ ಗೃಹಪ್ರವೇಶ ದಾಟಿ ಈ ಮನೆಗೆ ಬಂತೆಂಬ ವಂಶಾವಳಿ ಬರಲಿ. ವ್ಯಾಪಾರಿಗಳು ತಕರಾರು ತೆಗೆಯಲಾರರು. ಕೇಳಿದ್ದನ್ನು ಕೊಡುವವರು ಅವರು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವವರು ನಾವು. ನಮ್ಮ ಬೇಡಿಕೆಯೂ ಒಂದೇ: ಡಬ್ಬಿಯ ಮೇಲಿನ ಬೆಲೆಚೀಟಿ ಕೀಳುವ ಮೂಲಭೂತ ಹಕ್ಕನ್ನು ಉಳಿಸಿಕೊಡಿ.