ಹಸ್ತಾ ನಕ್ಷತ್ರದ ಕ್ಯಾಮೆರಾ

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ, ಮೆಟ್ಟಿಲು ಹತ್ತುವಾಗಲೇ ಊದುಬತ್ತಿಯ ಪರಿಮಳವೂ ಕಾದ ತಂತಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುವ ಒಂದು ಮಹಡಿಯ ಕೊಠಡಿಯಲ್ಲಿ ನಮ್ಮ ಛಾಯಾಗ್ರಾಹಕ ಮಹಾಶಯರು ವಿರಾಜಿಸುತ್ತಾರೆ. ಇವರನ್ನು ‘ವೀಡಿಯೋದವರು’ ಎಂದು ಒಮ್ಮೆ ಕರೆದವರಿಗೆ ಎರಡನೆಯ ಸಲ ಕರೆಯುವ ಅವಕಾಶ ದೊರೆಯುವುದಿಲ್ಲ. ಗೋಡೆಯ ಮೇಲೆ ಲಕ್ಷ್ಮೀದೇವಿಯ ಪಟದ ಮಗ್ಗುಲಲ್ಲಿಯೇ, ಮೈಸೂರಿನಲ್ಲಿ ಹುಟ್ಟಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬೆಳಕಿನ ಕೋಲನ್ನೇ ಕಂಬದಂತೆ ನಿಲ್ಲಿಸಿದ ವಿ.ಕೆ. ಮೂರ್ತಿಯವರ ಭಾವಚಿತ್ರ, ಆಗುಂಬೆಯ ಮಳೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಎಸ್. ರಾಮಚಂದ್ರರ ಹೆಸರು ಬಂದರಂತೂ ಇವರು ಕುಳಿತಲ್ಲಿಂದ ಎದ್ದು ನಿಲ್ಲುತ್ತಾರೆ. ಇಂಥ ಗುರುಪರಂಪರೆಯ ಬಾಲವನ್ನು ತಾವೂ ಹಿಡಿದಿರುವೆವೆಂಬ ದೃಢವಿಶ್ವಾಸದಿಂದಲೇ, ಧರ್ಮಪತ್ನಿಯ ಎರಡೆಳೆ ಸರವನ್ನು ಅಡವಿಟ್ಟು, ಡಿಜಿಟಲ್ ಸಿನಿಮಾ ಕ್ಯಾಮೆರಾವೊಂದನ್ನು ಕೊಂಡುತಂದರು.

ಯಂತ್ರವು ದುಬಾರಿಯಾದಷ್ಟೂ ಯಜಮಾನನಿಗೆ ವಿಧೇಯವಾಗಿರುವುದೆಂಬುದು ನಮ್ಮಂಥ ಪಾಮರರ ತಿಳಿವಳಿಕೆ. ಹಸೆಮಣೆಯತ್ತ ನಡೆದು ಬರುವ ಮದುಮಗಳ ಮುಖವನ್ನು ಅವಳ ತಮ್ಮನ ಜೇಬಿನ ಫೋನು ತಾನಾಗಿ ಹಿಂಬಾಲಿಸಿ ಸ್ಫುಟವಾಗಿ ಹಿಡಿದರೆ, ಈ ಕ್ಯಾಮೆರಾ ಅವಳನ್ನು ಬಿಟ್ಟು ಹಿಂದಿನ ಬಾಳೆಕಂಬವನ್ನೇ ಏಕಾಗ್ರಚಿತ್ತದಿಂದ ಧ್ಯಾನಿಸುತ್ತಿರುತ್ತದೆ. ಹಿಡಿದವರ ಕೈ ನಡುಗಿದರೆ ತಾನೂ ನಡುಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಹೊಸ ಬ್ಯಾಟರಿಯನ್ನು ಬೇಡುತ್ತದೆ. ಉತ್ತಮ ದರ್ಜೆಯಲ್ಲಿ ಚಿತ್ರಿಸಿದರೆ ಗಂಟೆಗೆ 300 ಗಿಗಾಬೈಟುಗಳನ್ನು ನುಂಗಿ, ಉಂಡ ಆಯಾಸಕ್ಕೋ ಎಂಬಂತೆ ಒಳಗಿನ ಫ್ಯಾನನ್ನು ತಿರುಗಿಸಿಕೊಂಡು ನಿಟ್ಟುಸಿರಿಡುತ್ತದೆ. ಅಷ್ಟೆಲ್ಲ ನುಂಗಿಯೂ ತೋರಿಸುವುದಾದರೋ, ಬಣ್ಣವನ್ನು ಆಮೇಲೆ ತುಂಬಿಕೊಳ್ಳಲೆಂದು ನೆರಳು ಬೆಳಕುಗಳೆರಡನ್ನೂ ಮುಷ್ಟಿಯೊಳಗೆ ಅಡಗಿಸಿಟ್ಟ, ಬೂದಿ ಬಳಿದಂಥ ಪೇಲವ ಬಿಂಬವನ್ನು. ಅದನ್ನು ಕಂಡ ಕನ್ಯಾಪಿತೃಗಳೊಬ್ಬರು, “ಹುಡುಗಿಗೆ ರಕ್ತ ಕಡಿಮೆಯೇ ಅಂತ ಬೀಗರು ಕೇಳಿದರೆ ಏನು ಹೇಳಲಿ?” ಎಂದು ಕಂಗಾಲಾದಾಗ, ನಮ್ಮವರು ಒಂದಿನಿತೂ ವಿಚಲಿತರಾಗದೆ, “ಸಾರ್, ಇದು ಸಿನಿಮಾ ಕ್ಯಾಮೆರಾ, ಹಾಗೆಲ್ಲ ಮಾಡಲ್ಲ” ಎಂದರು. ಏನನ್ನು ಮಾಡುವುದಿಲ್ಲವೆಂಬುದನ್ನು ಅವರು ಈವರೆಗೆ ಯಾರಿಗೂ ಬಿಡಿಸಿ ಹೇಳಿದ್ದಿಲ್ಲ. ಆ ವಾಕ್ಯವು ಎಲ್ಲ ಲೋಪಗಳಿಗೂ ಸಲ್ಲುವ ಅಷ್ಟೋತ್ತರ. (ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಲೆನ್ಸುಗಳು ಅವರ ಮನೆಯ ಅಕ್ಕಿಯ ಡಬ್ಬದಲ್ಲಿ ಚಾತುರ್ಮಾಸ್ಯ ಆಚರಿಸುತ್ತವೆ, ಅನ್ನಕ್ಕಿಡುವ ಮೊದಲು ಅಕ್ಕಿಯನ್ನು ಎರಡು ಸಲ ಆರಿಸುವ ಅಭ್ಯಾಸ ಆ ಮನೆಯಾಕೆಗೆ ಹೀಗೆ ಬಂದದ್ದು.)

ಒಮ್ಮೆ ತುಂಗೆಯ ಆಚೆ ದಡದ ಛತ್ರವೊಂದರಲ್ಲಿ, ಲಗ್ನಕ್ಕೆ ಇನ್ನು ಕಾಲು ಗಂಟೆಯಿದೆಯೆನ್ನುವಾಗ, ಮಂಟಪದ ದೀಪಗಳೆಲ್ಲ ಕ್ಯಾಮೆರಾದ ತೆರೆಯಲ್ಲಿ ಮಾತ್ರ ಮಿಣಮಿಣನೆ ನಡುಗತೊಡಗಿದವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದ್ದರಿಂದ ಕೆಲವು ಜಾತಿಯ ದೀಪಗಳು ಸೆಕೆಂಡಿಗೆ 100 ಸಲ ರೆಪ್ಪೆ ಬಡಿಯುತ್ತವೆ. ನಮ್ಮ ಕಣ್ಣಿಗೆ ಅದು ಕಾಣದು. ಸಿನಿಮಾದ ಸಂಪ್ರದಾಯವಾದರೋ ಸೆಕೆಂಡಿಗೆ 24 ಚಿತ್ರಗಳು, 180 ಡಿಗ್ರಿಯ ಷಟರ್; ಅಂದರೆ ಒಂದೊಂದು ಚಿತ್ರಕ್ಕೂ ಸೆಕೆಂಡಿನ 48ನೆಯ ಒಂದು ಪಾಲು. ಈ ಎರಡು ತಾಳಗಳೂ ಹೊಂದದೆ ಹುಟ್ಟುವ ಅಪಸ್ವರವೇ ಆ ನಡುಕ. ಷಟರನ್ನು 172.8 ಡಿಗ್ರಿಗೆ ಇಳಿಸಿದರೆ ಅದು ಸರಿಯಾಗಿ 50ನೆಯ ಒಂದು ಪಾಲಾಗಿ ದೀಪಗಳೊಡನೆ ರಾಜಿಯಾಗುತ್ತದೆ. ನಮ್ಮವರು ಸಹಾಯಕನಿಗೆ ಈ ಸಂಖ್ಯೆಯನ್ನು ಕೂಗಿ ಹೇಳಿದ್ದನ್ನು, ಪಂಚಾಂಗವನ್ನು ಬಾಯಿಪಾಠ ಮಾಡಿದ್ದ ಪುರೋಹಿತರು ಆಲಿಸಿ, ಕಣ್ಣು ಮುಚ್ಚಿ ಬೆರಳು ಮಡಿಸಿ, “ನೂರ ಎಪ್ಪತ್ತೆರಡು ಭಾಗೆ, ನಲವತ್ತೆಂಟು ಕಲೆ... ಕನ್ಯಾರಾಶಿ, ಹಸ್ತಾ ನಕ್ಷತ್ರ, ನಾಲ್ಕನೇ ಪಾದ. ವಿವಾಹಕ್ಕೆ ಶುಭವೇ ಕಣಯ್ಯಾ, ಇಟ್ಟುಕೋ” ಎಂದು ಅಪ್ಪಣೆ ಕೊಟ್ಟರು. ಗಣಿತ ನಿರ್ದುಷ್ಟವಾಗಿತ್ತು. ಅಂದಿನಿಂದ ನಮ್ಮ ಮಹಾಶಯರು ಆ ಸಂಖ್ಯೆಯನ್ನು ಬದಲಿಸಿಲ್ಲ. ದೀಪವೇ ಇಲ್ಲದ ಬಯಲಿನಲ್ಲಿ, ನಡುಹಗಲಿನಲ್ಲಿ ಕೂಡ.

ಅವರ ಕ್ಯಾಮೆರಾದ ಪರಮಲೀಲೆ ಪ್ರಕಟವಾದದ್ದು ಭದ್ರಾವತಿಯ ಮದುವೆಯಲ್ಲಿ. ವಧುವಿನ ಸೋದರಮಾವಂದಿರು ವಕೀಲರು; ಕೋರ್ಟಿನಲ್ಲಿ ವಾಯಿದೆ ಪಡೆದು ಧಾವಿಸಿ ಬಂದವರು ಕರಿಯ ಕೋಟನ್ನು ಕಳಚಲು ಮರೆತರೋ, ಮನಸ್ಸಾಗಲಿಲ್ಲವೋ, ಅಂತೂ ಅದರಲ್ಲಿಯೇ ಅಂಗಳದ ಬಿಸಿಲಿನಲ್ಲಿ ನಿಂತು ಬೀಗರನ್ನು ಎದುರ್ಗೊಂಡರು. ಬಿಸಿಲಿನ ಉಗ್ರತೆಯನ್ನು ತಗ್ಗಿಸಲು ನಮ್ಮವರು ಲೆನ್ಸಿನ ಮುಂದೆ ದಟ್ಟವಾದ ಬೂದುಗಾಜನ್ನು ಏರಿಸಿದರು. ಹದಿನೈದು ದಿನಗಳ ಮೇಲೆ, ಹಳೇನಗರದ ಮನೆಯಲ್ಲಿ ಬಂಧುವರ್ಗವೆಲ್ಲ ಟಿ.ವಿ.ಯ ಮುಂದೆ ನೆರೆದಿರಲು, ವಕೀಲರು ಬಾಡಿದ ದಾಸವಾಳದ ಬಣ್ಣದ ಕೋಟಿನಲ್ಲಿ ಅವತರಿಸಿದರು.

“ನಾನು ಬ್ಯಾಂಡ್‌ಸೆಟ್ಟಿನವನೇನಯ್ಯಾ?” ಎಂದು ವಕೀಲರು ಗರ್ಜಿಸಿದರು.

“ಸಾರ್, ಇದು ಸಿನಿಮಾ ಕ್ಯಾಮೆರಾ...”

ಆಗ ಮೂಲೆಯ ಕುರ್ಚಿಯಿಂದ ಒಂದು ಶಾಂತಸ್ವರ ಕೇಳಿಬಂತು. ಬೆಂಕಿಪುರವೆಂಬ ಹಳೆಯ ಹೆಸರು ಊರಿಗೆ ಸಾರ್ಥಕವಾಗುವಂತೆ 1923ರಿಂದ ಕಬ್ಬಿಣ ಇಳಿಸಿದ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕುಲುಮೆಯ ಮುಂದೆ ಸವೆಸಿ ನಿವೃತ್ತರಾದ ವಧುವಿನ ಅಜ್ಜನವರದು. “ತಮ್ಮಾ, ಕಬ್ಬಿಣ ಕೆಂಪಾಗೋಕೆ ಮುಂಚೆನೇ ಕೈ ಸುಡುತ್ತೆ. ಕಣ್ಣಿಗೆ ಕಾಣದ ಬೆಳಕು ಅದು. ನಿನ್ನ ಗಾಜು ಕಾಣೋ ಬೆಳಕನ್ನ ತಡೀತು, ಕಾಣದ್ದನ್ನ ಬಿಡ್ತು. ನಿನ್ನ ಪೆಟ್ಟಿಗೆ ಅದನ್ನ ನೋಡ್ತು. ಅಷ್ಟೇ.” ಅವರು ನುಡಿದದ್ದು ಅಕ್ಷರಶಃ ನಿಜ: ಅವಗೆಂಪು ಕಿರಣಗಳನ್ನು ಕೃತಕ ನೂಲಿನ ಕರಿಬಟ್ಟೆ ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತದೆ, ಕ್ಯಾಮೆರಾದ ಕಣ್ಣು ಅದನ್ನು ಕೆಂಪೆಂದೇ ಬರೆದುಕೊಳ್ಳುತ್ತದೆ, ಅದನ್ನು ತಡೆಯುವ ಬೇರೊಂದು ಗಾಜು ಉಂಟು. ತಮ್ಮ ಕ್ಯಾಮೆರಾ ಕುಲುಮೆಯ ಜ್ಞಾತಿಯೆಂದು ತಿಳಿದ ನಮ್ಮ ಮಹಾಶಯರು ಪುಲಕಿತರಾಗಿ ಅಜ್ಜನವರ ಪಾದ ಮುಟ್ಟಿದರು. ವಕೀಲರಾದರೋ ಕಾಣದ ಬೆಳಕನ್ನು ಸಾಕ್ಷಿಯಾಗಿ ಅಂಗೀಕರಿಸಲೊಲ್ಲದೆ, ಕೋಟು ಕಪ್ಪಾಗುವವರೆಗೆ ಬಾಕಿ ಹಣ ಸಂದಾಯವಾಗತಕ್ಕದ್ದಲ್ಲವೆಂದು ತೀರ್ಪಿತ್ತರು.

ಮಹಾಶಯರು ಕೊಠಡಿಯಲ್ಲಿ ಕಂಪ್ಯೂಟರಿನ ಮುಂದೆ ಮೂರು ರಾತ್ರಿ ನಿದ್ರೆಗೆಟ್ಟು, ಕೋಟಿನಿಂದ ಕೆಂಪನ್ನು ತೊಟ್ಟುತೊಟ್ಟಾಗಿ ಹಿಂಡಿ ತೆಗೆದರು. ಕೋಟು ಕಾಡಿಗೆಯಂತೆ ಕಪ್ಪಾಯಿತು, ಬಾಕಿಯೂ ಸಂದಾಯವಾಯಿತು. ವಕೀಲರ ಪಕ್ಕದಲ್ಲಿ ನಿಂತು ನಗುತ್ತಿದ್ದ ಅಜ್ಜಿಯ ಎಲೆಯಡಿಕೆಯ ಬಾಯಿ ಮಾತ್ರ ಹಸುರಾಗಿತ್ತು. ಅಜ್ಜಿಗೆ ಕಣ್ಣಿನ ಪೊರೆಯಾದುದರಿಂದ ಆಕೆ ಇನ್ನೂ ಆಕ್ಷೇಪಿಸಿಲ್ಲ.